ಜಡಿಮಳೆಯಲ್ಲಿ ಮನೆಬೆಕ್ಕು: ಮೃಗಶಿರೆಯಿಂದ ಹಸ್ತದವರೆಗೆ ನೋಡಿಕೊಳ್ಳುವ ಬಗೆ

ಮೇ ಮುಗಿಯುವಷ್ಟರಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಕಟ್ಟಿಗೆ ಒಳಗೆ ಬಂದಿರುತ್ತದೆ, ದರಕು (ಒಣ ಎಲೆ) ಕೊಟ್ಟಿಗೆಯ ಪಕ್ಕ ಸೇರಿರುತ್ತದೆ, ಹಪ್ಪಳ ಡಬ್ಬಿಗೆ ಬಿದ್ದಿರುತ್ತದೆ, ಗಾಳಿಮಳೆ ಹೊಡೆಯುವ ಕಡೆಗೆ ಸೋಗೆಯ ತಟ್ಟಿ ಕಟ್ಟಿಯಾಗಿರುತ್ತದೆ. ಘಟ್ಟದ ಕೆಳಗೆ ಕಾರವಾರ, ಅಂಕೋಲಾ, ಕುಮಟಾದಲ್ಲಿ ಬೋಟುಗಳು ದಡ ಹತ್ತಿರುತ್ತವೆ, ಒಣಮೀನು ಡಬ್ಬ ತುಂಬಿರುತ್ತದೆ. ಜನಕ್ಕೆ, ದನಕ್ಕೆ, ತೋಟಕ್ಕೆ ಎಲ್ಲದಕ್ಕೂ ಮಳೆಗಾಲದ ತಯಾರಿ ಇದೆ. ಬೆಕ್ಕಿಗೆ ಮಾತ್ರ ಯಾರೂ ಏನೂ ತೆಗೆದಿಡುವುದಿಲ್ಲ. ಅದು ತನ್ನ ಪಾಡಿಗೆ ತಾನು ಬದುಕಿಕೊಳ್ಳುತ್ತದೆ ಎಂಬ ನಂಬಿಕೆ.

ಆಮೇಲೆ ಆರಿದ್ರಾ ಮಳೆ ಹಿಡಿದು ನಾಲ್ಕು ದಿನ ಬಿಡದೆ ಹೊಯ್ದಾಗ ದೂರುಗಳು ಶುರುವಾಗುತ್ತವೆ. ಹಾಸಿಗೆಯ ಮೇಲೆ ಉಚ್ಚೆ ಹೊಯ್ದಿತು, ರಾತ್ರಿಯಿಡೀ ಕೂಗುತ್ತದೆ, ಎರಡು ಬೆಕ್ಕುಗಳು ಕಚ್ಚಾಡುತ್ತವೆ, ಒಲೆಬೂದಿಯಲ್ಲಿ ಹೊರಳಿ ಬಂದು ಮಡಿಬಟ್ಟೆಯ ಮೇಲೆ ಮಲಗುತ್ತದೆ. ಇವುಗಳಲ್ಲಿ ಹೆಚ್ಚಿನವು ಬೆಕ್ಕಿನ ದುರ್ಗುಣಗಳಲ್ಲ. ಅಂಗಳ, ಹಿತ್ತಲು, ತೋಟದ ಅಂಚು, ಪಕ್ಕದ ಮನೆಯ ಮಾಡು ಎಂದು ಹರಡಿಕೊಂಡಿದ್ದ ಅದರ ರಾಜ್ಯ ಒಂದೇ ವಾರದಲ್ಲಿ ನಿಮ್ಮ ಮನೆಯ ನಾಲ್ಕು ಗೋಡೆಗಳೊಳಗೆ ಕುಗ್ಗಿಬಿಟ್ಟಿರುತ್ತದೆ. ಹೊರಗೆ ಮಾಡುತ್ತಿದ್ದ ಕೆಲಸಗಳನ್ನೆಲ್ಲ ಅದು ಒಳಗೇ ಮಾಡಬೇಕು. ಅದಕ್ಕೆ ನಾವು ಜಾಗ ಮಾಡಿಕೊಟ್ಟರೆ ಮಳೆಗಾಲ ಬೆಕ್ಕಿಗೂ ನಮಗೂ ಸಲೀಸು. ಹೇಗೆಂದು ಒಂದೊಂದಾಗಿ ಹೇಳುತ್ತೇನೆ.

ಮೊದಲು ಅದರ ಮೈ ಅರ್ಥ ಮಾಡಿಕೊಳ್ಳಿ

ಮನೆಬೆಕ್ಕಿನ ಮೂಲ ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣನೆಲದ ಕಾಡುಬೆಕ್ಕು. ಸಾವಿರಾರು ವರ್ಷ ಮನುಷ್ಯರ ಜೊತೆ ಬಾಳಿದರೂ ಮೈ ಮಾತ್ರ ಇನ್ನೂ ಆ ನೆಲದ್ದೇ. ಅದರ ದೇಹದ ಶಾಖ 38ರಿಂದ 39 ಡಿಗ್ರಿ ಸೆಲ್ಸಿಯಸ್, ನಮಗಿಂತ ಹೆಚ್ಚು. ಮೈಯ ಶಾಖ ಕಾಯ್ದುಕೊಳ್ಳಲು ಹೆಚ್ಚುವರಿ ಶಕ್ತಿ ಖರ್ಚು ಮಾಡದೆ ಬೆಕ್ಕು ಹಾಯಾಗಿರುವುದು ಸುತ್ತಲಿನ ಗಾಳಿ 30 ಡಿಗ್ರಿ ದಾಟಿದಾಗ. ನಾವು ಸೆಕೆ ಎಂದು ಫ್ಯಾನು ಹಾಕುವ ಹೊತ್ತು ಅದಕ್ಕೆ ಹದವಾದ ಹೊತ್ತು. ಜುಲೈ ತಿಂಗಳಲ್ಲಿ ಶಿರಸಿಯ ಹಗಲು 25 ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ, ರಾತ್ರಿ ಇನ್ನೂ ಇಳಿಯುತ್ತದೆ. ಅಂದರೆ ಇಡೀ ಮಳೆಗಾಲ ಬೆಕ್ಕಿಗೆ ಚಳಿಗಾಲವೇ. ‘ಬೆಕ್ಕು ಒಲೆ ಬುಡ ಬಿಟ್ಟು ಏಳ್ತಿಲ್ಲೆ’ ಎಂದು ನಮ್ಮ ಕಡೆ ಹೇಳುವಾಗ ಅದರಲ್ಲಿ ಸೋಮಾರಿತನದ ಆರೋಪ ಇರುತ್ತದೆ. ನಿಜದಲ್ಲಿ ಅದು ತನ್ನ ಮೈಗೆ ಬೇಕಾದ ಶಾಖವನ್ನು ಹುಡುಕಿಕೊಂಡಿರುತ್ತದೆ.

ಇದರ ಮೇಲೆ ಒದ್ದೆ. ನಮ್ಮ ಊರಬೆಕ್ಕಿನ ಕೂದಲು ಗಿಡ್ಡ, ಒಳತುಪ್ಪಳ ತೆಳು. ನಾರ್ವೆಯ ಕಾಡುಬೆಕ್ಕು ತಳಿಗೆ ಇರುವಂತೆ ನೀರು ಜಾರಿಸುವ ದಪ್ಪ ಹೊರಕೂದಲು ಇದಕ್ಕಿಲ್ಲ. ನೀರು ನೇರವಾಗಿ ಚರ್ಮ ತಾಗುತ್ತದೆ, ಆರುವಾಗ ಮೈಯ ಶಾಖ ಎಳೆದುಕೊಂಡು ಹೋಗುತ್ತದೆ. ನೆನೆದ ಬೆಕ್ಕು ನೆನೆದ ನಾಯಿಗಿಂತ ಬೇಗ ಥಂಡಿ ಹಿಡಿಯುವುದು ಮೈ ಚಿಕ್ಕದಿರುವುದರಿಂದಲೂ ಹೌದು.

ನಮ್ಮ ಜಿಲ್ಲೆಯಿಂದ ಹೋಗಿ ಕೆನಡಾದಲ್ಲೋ ಅಮೆರಿಕದ ಉತ್ತರದ ಊರುಗಳಲ್ಲೋ ನೆಲೆಸಿದವರ ಮನೆಯಲ್ಲಿ ಬೆಕ್ಕಿದ್ದರೆ ಹಿಮ ಬಿದ್ದ ದಿನದ ವಿಡಿಯೋ ನಿಮಗೂ ಬಂದಿರುತ್ತದೆ. ಬಾಗಿಲು ತೆರೆದರೆ ಬೆಕ್ಕು ಬಿಳಿ ನೆಲವನ್ನು ಮೂಸುತ್ತದೆ, ಒಂದು ಕಾಲು ಇಟ್ಟು ಥಟ್ಟನೆ ಎತ್ತಿ ಕೊಡವುತ್ತದೆ, ಮತ್ತೊಂದು ಕಾಲು ಇಡುತ್ತದೆ, ಮರಿಯಾಗಿದ್ದರೆ ಬೀಳುವ ಹಿಮದ ಚೂರನ್ನು ಹಿಡಿಯಲು ಹಾರುತ್ತದೆ, ಕೊನೆಗೆ ಒಳಗೆ ಬಂದು ಹೀಟರ್ ಮುಂದೆ ಕೂರುತ್ತದೆ. ಮೃಗಶಿರೆಯ ಮೊದಲ ಮಳೆಗೆ ನಮ್ಮ ಜಗಲಿಯಲ್ಲಿ ನಡೆಯುವುದೂ ಇದೇ. ಪಾದದ ಮೆತ್ತೆಗಳಲ್ಲಿ ಸ್ಪರ್ಶದ ನರಗಳು ಬಹಳ, ತಣ್ಣನೆ ಒದ್ದೆ ನೆಲ ಅದಕ್ಕೆ ತಕ್ಷಣ ಗೊತ್ತಾಗುತ್ತದೆ. ಅಲ್ಲಿ ಕಿವಿಯ ತುದಿ ಹಿಮಕ್ಕೆ ಸೆಟೆದು ಸಾಯುವ ಭಯ, ಇಲ್ಲಿ ತಿಂಗಳುಗಟ್ಟಲೆ ಆರದ ಚರ್ಮಕ್ಕೆ ಬೂಷ್ಟು ಹಿಡಿಯುವ ಭಯ. ಒಣಹಿಮವನ್ನು ಬೆಕ್ಕು ಕೊಡವಿಕೊಳ್ಳಬಲ್ಲದು, ಮೈಗಿಳಿದ ಮಳೆನೀರನ್ನು ಕೊಡವಿಕೊಳ್ಳಲಾರದು.

ಎರಡನೆಯದು: ನಾಲ್ಕು ದಿನ ಸುಮ್ಮನೆ ಗಮನಿಸಿ

ಏನಾದರೂ ಬದಲಿಸುವ ಮೊದಲು ನಿಮ್ಮ ಬೆಕ್ಕು ಮಳೆಗೆ ಏನು ಮಾಡುತ್ತದೆ ಎಂದು ನೋಡಿ. ಎಲ್ಲ ಬೆಕ್ಕುಗಳೂ ಒಂದೇ ಥರ ಅಲ್ಲ.

ಮುಂಬಾಗಿಲಿಗೆ ಹೋಗಿ ಮಳೆ ನೋಡಿ, ತಿರುಗಿ ಹಿತ್ತಲ ಬಾಗಿಲಿಗೆ ಹೋಗಿ ಅಲ್ಲೂ ಮಳೆ ನೋಡಿ, ನಿಮ್ಮ ಮುಖ ನೋಡಿ ಕೂಗುವ ಬೆಕ್ಕಿಗೆ ಹೊರಗೆ ಹೋಗಲೇಬೇಕಾದ ಕೆಲಸವಿದೆ. ಬಹುತೇಕ ಆ ಕೆಲಸ ಮಲ ಅಥವಾ ಮೂತ್ರ. ಕಂಬ, ಬಾಗಿಲು, ನಿಮ್ಮ ಕಾಲು ಎಲ್ಲಕ್ಕೂ ಕೆನ್ನೆ ಉಜ್ಜುತ್ತಾ ತಿರುಗುವ ಬೆಕ್ಕು ತನ್ನ ವಾಸನೆಯನ್ನು ಮತ್ತೆ ಹಚ್ಚುತ್ತಿದೆ: ಹೊರಗಿನ ಗುರುತುಗಳನ್ನೆಲ್ಲ ಮಳೆ ತೊಳೆದುಬಿಟ್ಟಿದೆ. ಇದೇ ಕಾರಣಕ್ಕೆ ಗಂಡುಬೆಕ್ಕು ಮಳೆ ಹೊಳವಾದ ಕೂಡಲೇ ಓಡಿಹೋಗಿ ಬೇಲಿ, ದಣಪೆ, ಕಟ್ಟಿಗೆರಾಶಿಗೆ ಮೂತ್ರ ಚಿಮುಕಿಸಿ ಬರುತ್ತದೆ. ಒಳಗೂ ಗೋಡೆಗೆ ನಿಂತುಕೊಂಡು ಚಿಮುಕಿಸಿದರೆ ಅದು ಗುರುತು ಹಾಕುವುದು. ಕುಳಿತು ಹೊಯ್ದರೆ ಅದು ಜಾಗ ಸಿಗದೆ ಮಾಡಿದ್ದು. ಈ ಎರಡರ ವ್ಯತ್ಯಾಸ ತಿಳಿದುಕೊಳ್ಳುವುದು ಮುಖ್ಯ, ಯಾಕೆಂದರೆ ಮೊದಲನೆಯದಕ್ಕೆ ಸಂತಾನಹರಣ ಚಿಕಿತ್ಸೆ ಮದ್ದು, ಎರಡನೆಯದಕ್ಕೆ ಮರಳಿನ ತಟ್ಟೆ.

ಶಬ್ದವನ್ನೂ ಮರೆಯಬೇಡಿ. ಮನುಷ್ಯರ ಕಿವಿ ಸುಮಾರು 20 ಕಿಲೋಹರ್ಟ್ಸ್‌ವರೆಗೆ ಕೇಳಿದರೆ ಬೆಕ್ಕಿನದು 60 ದಾಟಿ ಕೇಳುತ್ತದೆ. ಹಂಚಿನ ಮಾಡಿನ ಮೇಲೆ ಬೀಳುವ ಮಳೆಗೂ ತಗಡಿನ ಶೀಟಿನ ಮೇಲೆ ಬೀಳುವ ಮಳೆಗೂ ನಮಗೇ ಎಷ್ಟು ವ್ಯತ್ಯಾಸ! ಶೀಟಿನ ಕೆಳಗೆ ಬೆಕ್ಕಿಗೆ ಇಲಿಯ ಸದ್ದೂ ಕೇಳುವುದಿಲ್ಲ, ನಾಯಿ ಬಂದದ್ದೂ ತಿಳಿಯುವುದಿಲ್ಲ. ಹಾಗಾಗಿ ಶೀಟು ಹೊದೆಸಿದ ಕೊಟ್ಟಿಗೆಯಲ್ಲಿ ಮಲಗುವ ಬೆಕ್ಕು ಮಳೆಗಾಲದಲ್ಲಿ ಅಡುಗೆಮನೆಗೆ ಬಂದು ಸೇರುತ್ತದೆ. ಗುಡುಗಿಗೆ ಹೆದರಿ ಮೆತ್ತಿನ (ಮಹಡಿಯ) ಮೂಲೆಗೋ ಪೆಟ್ಟಿಗೆಯ ಹಿಂದಕ್ಕೋ ಹೋಗಿ ಕೂತ ಬೆಕ್ಕನ್ನು ಸಮಾಧಾನ ಮಾಡಲೆಂದು ಎಳೆದು ತರಬೇಡಿ. ಅಡಗಿಕೊಳ್ಳಲು ಸಿಕ್ಕಿದ ಜಾಗವೇ ಅದಕ್ಕೆ ಸಮಾಧಾನ.

ನಿದ್ದೆ ಹೆಚ್ಚಾಗುವುದು ಸಹಜ. ಆದರೆ ಏಳಲು ಮನಸ್ಸಿಲ್ಲದ ಬೆಕ್ಕು ಊಟದ ಸದ್ದಿಗೆ ಏಳುತ್ತದೆ. ಊಟಕ್ಕೂ ಏಳದಿದ್ದರೆ ಅದು ನಿದ್ದೆಯಲ್ಲ, ಕಾಯಿಲೆ.

ಮೂರನೆಯದು: ಮಲಮೂತ್ರಕ್ಕೆ ಒಣ ಜಾಗ

ಒಂದೇ ಒಂದು ಕೆಲಸ ಮಾಡಲು ನಿಮಗೆ ಪುರುಸೊತ್ತಿದ್ದರೆ ಇದನ್ನು ಮಾಡಿ.

ಬೆಕ್ಕು ಕೆರೆದು ಮುಚ್ಚುವ ಪ್ರಾಣಿ. ಬೇಸಿಗೆಯಲ್ಲಿ ತೋಟದ ಸಡಿಲ ಮಣ್ಣು, ಮನೆ ಕಟ್ಟುವವರು ಸುರಿದ ಮರಳು, ಬಚ್ಚಲ ಒಲೆಯ ಬೂದಿಗುಂಡಿ ಅದಕ್ಕೆ ಸಾಕು. ಮಳೆ ಬಿದ್ದರೆ ಮಣ್ಣು ಕೆಸರು, ಮರಳು ಗಟ್ಟಿ. ಆಗ ಬೆಕ್ಕು ತಡೆದುಕೊಳ್ಳುತ್ತದೆ. ಗಂಟೆಗಟ್ಟಲೆ ಮೂತ್ರ ಕಟ್ಟಿಕೊಂಡು ನೀರೂ ಕುಡಿಯದೆ ಮಲಗಿದರೆ ಮೂತ್ರಕೋಶದ ಉರಿಯೂತ ಬರಬಹುದು. ಗಂಡುಬೆಕ್ಕಿನ ಮೂತ್ರನಾಳ ಬಹಳ ಕಿರಿದು, ಅಲ್ಲಿ ಹರಳು ಅಥವಾ ಲೋಳೆ ಸಿಕ್ಕಿಕೊಂಡರೆ ಮೂತ್ರ ಪೂರ್ತಿ ಕಟ್ಟುತ್ತದೆ. ಕುಳಿತು ಕುಳಿತು ತಿಣುಕುವುದು, ಕೂಗುವುದು, ಹನಿಯೂ ಬಾರದಿರುವುದು, ಪದೇ ಪದೇ ಹಿಂಭಾಗ ನೆಕ್ಕುವುದು ಇದರ ಲಕ್ಷಣ. ಒಂದೆರಡು ದಿನಗಳಲ್ಲಿ ಪ್ರಾಣ ಹೋಗುತ್ತದೆ. ಮಲಬದ್ಧತೆ ಎಂದುಕೊಂಡು ಹರಳೆಣ್ಣೆ ಕುಡಿಸುತ್ತಾ ಕೂರಬಾರದು, ಅದೇ ದಿನ ಪಶುವೈದ್ಯರ ಬಳಿ ಒಯ್ಯಬೇಕು.

ತಟ್ಟೆಗೆ ಪೇಟೆಯ ದುಬಾರಿ ಸಾಮಾನು ಬೇಕಿಲ್ಲ. ಹಳೆಯ ಪ್ಲಾಸ್ಟಿಕ್ ಟಬ್ಬು, ಅಂಚು ನಾಲ್ಕೈದು ಇಂಚು ಎತ್ತರವಿದ್ದರೆ ಸಾಕು, ಉದ್ದ ಬೆಕ್ಕಿನ ಮೈಯ ಒಂದೂವರೆ ಪಟ್ಟಾದರೂ ಇರಲಿ. ಒಳಗೆ ಅಡಕೆ ಹಾಳೆ ಹಾಸಿ ಅದರ ಮೇಲೆ ಮರಳು ಹಾಕಿದರೆ ಟಬ್ಬು ವಾಸನೆ ಹಿಡಿಯುವುದಿಲ್ಲ, ಹಾಳೆಯನ್ನು ವಾರಕ್ಕೊಮ್ಮೆ ಎಸೆದು ಬೇರೆ ಹಾಕಬಹುದು. ಮರಿಗಳಿಗಾದರೆ ಬರೀ ಹಾಳೆಯ ತಟ್ಟೆಯೇ ಸಾಕು.

ತುಂಬಲು ಏನು? ಕರಾವಳಿಯವರಿಗೆ ಮರಳಿನ ಚಿಂತೆಯಿಲ್ಲ, ಆದರೆ ಮೇ ತಿಂಗಳಲ್ಲೇ ಎರಡು ಮೂರು ಚೀಲ ಒಣಮರಳು ತುಂಬಿ ಒಳಗಿಡಬೇಕು. ಜೂನ್ ಹತ್ತರ ಮೇಲೆ ಒಣಮರಳು ಎಲ್ಲಿಯೂ ಸಿಗುವುದಿಲ್ಲ. ಘಟ್ಟದ ಮೇಲೆ ಗರಗಸದ ಹೊಟ್ಟು ಅಥವಾ ಗಿರಣಿಯ ಭತ್ತದ ಹೊಟ್ಟು ಚೆನ್ನಾಗಿ ನಡೆಯುತ್ತದೆ, ಹಗುರ, ನೀರು ಹೀರುತ್ತದೆ, ಆಮೇಲೆ ಗುಂಡಿ ತೋಡಿ ಹೂಳಬಹುದು. ಎರಡು ಇಂಚು ದಪ್ಪ ಇರಲಿ. ಬೂದಿಯನ್ನು ಮಾತ್ರ ಬೇಡ ಎನ್ನುತ್ತೇನೆ, ತಲೆಮಾರುಗಳಿಂದ ನಡೆದು ಬಂದ ರೂಢಿಯಾದರೂ. ಕಟ್ಟಿಗೆ ಬೂದಿ ಒದ್ದೆಯಾದಾಗ ತೀಕ್ಷ್ಣ ಕ್ಷಾರವಾಗುತ್ತದೆ, ಪಾದದ ಮೆತ್ತೆ ಸುಡುತ್ತದೆ, ಅದನ್ನೇ ಬೆಕ್ಕು ನೆಕ್ಕುತ್ತದೆ.

ತಟ್ಟೆ ಇಡುವ ಜಾಗ ಸದ್ದಿಲ್ಲದ ಮೂಲೆಯಾಗಿರಲಿ, ಊಟದ ಬಟ್ಟಲಿನಿಂದ ದೂರವಿರಲಿ. ಬಚ್ಚಲ ಪಕ್ಕದ ಸಂದಿ, ಕಟ್ಟಿಗೆಮನೆ ಒಳ್ಳೆಯ ಜಾಗಗಳು. ಎರಡು ಬೆಕ್ಕಿದ್ದರೆ ಮೂರು ತಟ್ಟೆ, ಬೇರೆ ಬೇರೆ ಕಡೆ. ಒಂದೇ ತಟ್ಟೆಯಿದ್ದರೆ ಜೋರಿನ ಬೆಕ್ಕು ಇನ್ನೊಂದನ್ನು ಹತ್ತಿರ ಬಿಡುವುದಿಲ್ಲ, ಆ ಇನ್ನೊಂದು ನಿಮ್ಮ ಹಾಸಿಗೆಗೆ ಬರುತ್ತದೆ. ದಿನಕ್ಕೆ ಎರಡು ಸಲ ತಟ್ಟೆಯಿಂದ ಮಲ ತೆಗೆಯಿರಿ. ಬಸುರಿ ಹೆಂಗಸರು ಈ ಕೆಲಸ ಮಾಡಬಾರದು, ಬೆಕ್ಕಿನ ಮಲದಿಂದ ಹರಡುವ ಟಾಕ್ಸೋಪ್ಲಾಸ್ಮಾ ಸೋಂಕು ಹೊಟ್ಟೆಯ ಮಗುವಿಗೆ ಅಪಾಯ. ಮನೆಯ ಬೇರೆಯವರು ಪ್ರತಿದಿನ ತೆಗೆದು ಕೈ ತೊಳೆದರೆ ಬೆಕ್ಕನ್ನು ಮನೆ ಬಿಡಿಸಬೇಕಾದ್ದಿಲ್ಲ.

ಕಲಿಸುವುದು ಕಷ್ಟವಲ್ಲ. ಬೆಕ್ಕು ಈಗಾಗಲೇ ಹೊಯ್ದ ಜಾಗದ ಮಣ್ಣನ್ನು ಒಂದು ಹಿಡಿ ತಂದು ತಟ್ಟೆಗೆ ಬೆರೆಸಿ. ಊಟವಾದ ಮೇಲೆ, ನಿದ್ದೆಯಿಂದ ಎದ್ದ ಮೇಲೆ ತಟ್ಟೆಯ ಹತ್ತಿರ ಬಿಡಿ. ಮಳೆ ಹಿಡಿಯುವ ಎರಡು ವಾರ ಮೊದಲೇ ಶುರುಮಾಡಿ. ತಪ್ಪು ಜಾಗದಲ್ಲಿ ಮಾಡಿದ್ದಕ್ಕೆ ಮೂತಿ ತಿಕ್ಕುವುದು, ಹೊಡೆಯುವುದು ಬೇಡವೇ ಬೇಡ. ಅದು ಕಲಿಯುವುದು ಒಂದೇ ಪಾಠ: ನೀವು ಇಲ್ಲದ ಮೂಲೆಯಲ್ಲಿ ಮಾಡಬೇಕು.

ನಾಲ್ಕನೆಯದು: ಬೆಚ್ಚನೆಯ ಹಾಸು

ಮಳೆಗಾಲದಲ್ಲಿ ನೆಲವೇ ಬೆವರುತ್ತದೆ. ಹಾಸನ್ನು ನೆಲದಿಂದ ಎತ್ತರಿಸಿ: ಹಳೆಯ ಸ್ಟೂಲು, ಮರದ ಪೆಟ್ಟಿಗೆ, ಮೆತ್ತಿನ ಮೆಟ್ಟಿಲ ಕೆಳಗಿನ ಹಲಗೆ ಯಾವುದಾದರೂ ಸರಿ. ಮೇಲೆ ಗೋಣಿಚೀಲ, ಅದರ ಮೇಲೆ ಕಂಬಳಿ ತುಂಡು. ರಟ್ಟಿನ ಪೆಟ್ಟಿಗೆಯೂ ಬೆಚ್ಚಗಿರುತ್ತದೆ, ಆದರೆ ನಮ್ಮ ಥಂಡಿಗೆ ಅದು ಬೇಗ ಬೂಷ್ಟು ಹಿಡಿಯುತ್ತದೆ, ಮೆತ್ತಗಾದ ಕೂಡಲೇ ಎಸೆಯಿರಿ. ಎರಡು ಕಂಬಳಿ ತುಂಡು ಇಟ್ಟುಕೊಂಡು ಒಂದು ಹಾಸಿದಾಗ ಇನ್ನೊಂದನ್ನು ಹಂಡೆ ಒಲೆಯ ಮೇಲಿನ ಹಗ್ಗಕ್ಕೆ ಹಾಕಿ ಒಣಗಿಸಿ.

ಬಚ್ಚಲ ಒಲೆ ಬೆಕ್ಕಿಗೆ ಸ್ವರ್ಗ, ಅಲ್ಲೇ ಅಪಾಯವೂ. ಮೇಲೆ ತಣ್ಣಗಾದ ಬೂದಿಯೊಳಗೆ ಕೆಂಡ ಬೆಳಗಿನ ತನಕ ಉಳಿದಿರುತ್ತದೆ. ಮೀಸೆ ಸುಟ್ಟ, ಬಾಲದ ತುದಿ ಕರಕಲಾದ ಬೆಕ್ಕುಗಳು ಮಲೆನಾಡಿನಲ್ಲಿ ಕಡಿಮೆಯಿಲ್ಲ. ರಾತ್ರಿ ಒಲೆಯ ಬಾಯಿಗೆ ತಗಡು ಅಡ್ಡವಿಟ್ಟು, ಒಲೆಯಿಂದ ಎರಡು ಮಾರು ದೂರದಲ್ಲಿ ಹಾಸು ಹಾಕಿಕೊಡಿ. ಬೆಳಿಗ್ಗೆ ಬೆಂಕಿ ಹಾಕುವ ಮೊದಲು ಒಲೆಯೊಳಗೆ ಬಗ್ಗಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಮರಿಗಳು ಒಳಗೇ ಮಲಗಿರುತ್ತವೆ.

ಒಲೆಯಿಲ್ಲದ ಪೇಟೆಮನೆಗಳಲ್ಲಿ ಬೆಕ್ಕು ಶಾಖ ಹುಡುಕುವುದು ಈಗಷ್ಟೇ ಬಂದು ನಿಂತ ವಾಹನದಲ್ಲಿ. ಕಾರಿನ ಬಾನೆಟ್ಟಿನೊಳಗೆ, ಚಕ್ರದ ಮೇಲೆ, ಸ್ಕೂಟರಿನ ಹೊಟ್ಟೆಯಡಿ ಸೇರಿಕೊಳ್ಳುತ್ತದೆ. ಹಿಮದ ದೇಶಗಳಲ್ಲಿ ಗಾಡಿ ಚಾಲು ಮಾಡುವ ಮೊದಲು ಬಾನೆಟ್ಟು ಬಡಿಯುವ ಪದ್ಧತಿಯಿದೆ, ನಮಗೂ ಅದು ಬೇಕು. ಬಡಿದು ಅರ್ಧ ನಿಮಿಷ ಕಾದು ಕೀಲಿ ತಿರುಗಿಸಿ. ರೇಡಿಯೇಟರಿನ ಕೂಲೆಂಟ್ ನೆಲಕ್ಕೆ ಚೆಲ್ಲಿದ್ದರೆ ತೊಳೆದುಬಿಡಿ. ಹೆಚ್ಚಿನ ಕೂಲೆಂಟುಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ಒಂದು ಚಮಚದಷ್ಟು ಹೊಟ್ಟೆಗೆ ಹೋದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ.

ನೆನೆದು ಬಂದಾಗ

ಹಳೆಯ ಪಂಚೆ ಅಥವಾ ಟವೆಲು ತೆಗೆದುಕೊಂಡು ಮೈಗೆ ಒತ್ತಿ ನೀರು ಹೀರಿಸಿ, ತಿಕ್ಕಬೇಡಿ. ಕೂದಲು ಹೋದ ದಿಕ್ಕಿಗೇ ಒರೆಸಿ. ಹೊಟ್ಟೆಯಡಿ, ಬಾಲದ ಬುಡ, ಬೆರಳುಸಂದಿ ಈ ಮೂರು ಕಡೆ ಒದ್ದೆ ಉಳಿದು ಚರ್ಮ ಕೆಡುತ್ತದೆ. ಕೆಸರು ಹತ್ತಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಅಷ್ಟೇ ಜಾಗ ಒರೆಸಿ, ಮೈಗೆಲ್ಲ ಸ್ನಾನ ಬೇಡ. ಡೆಟಾಲ್ ಹಾಕಿದ ನೀರು ಖಂಡಿತ ಬೇಡ. ಅದರಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕವನ್ನು ಬೆಕ್ಕಿನ ಯಕೃತ್ತು ಕರಗಿಸಿ ಹೊರಹಾಕಲಾರದು. ನೆಲ ಒರೆಸುವ ಫಿನಾಯಿಲ್ ಕೂಡ ಹೀಗೆಯೇ, ಒರೆಸಿದ ನೆಲ ಪೂರ್ತಿ ಆರುವ ತನಕ ಬೆಕ್ಕನ್ನು ಬಿಡಬೇಡಿ.

ನಡುಗುತ್ತಿದ್ದರೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಳ್ಳಿ. ನಡುಕ ನಿಂತು ಮೈ ತಣ್ಣಗೇ ಇದ್ದು ಮಂಕಾಗಿದ್ದರೆ ಅದು ಸುಧಾರಿಸಿದ್ದಲ್ಲ, ಇನ್ನೂ ಕೆಟ್ಟದ್ದು. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟು ವೈದ್ಯರಿಗೆ ಫೋನು ಮಾಡಿ.

ಊಟ: ಘಟ್ಟದ ಮೇಲೊಂದು ಕಷ್ಟ, ಕೆಳಗೊಂದು ಕಷ್ಟ

ಹವ್ಯಕರ ಮನೆಯ ಬೆಕ್ಕು ಹಾಲನ್ನ, ಮೊಸರನ್ನ ತಿಂದು ಬೆಳೆಯುತ್ತದೆ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅದು ನಿಜವಾಗಿ ಬದುಕುವುದು ಅಡಕೆ ಅಟ್ಟದ ಇಲಿ, ತೋಟದ ಹಕ್ಕಿ, ಓತಿಕ್ಯಾತದಿಂದ. ಬೆಕ್ಕಿನ ಕಣ್ಣಿಗೂ ಹೃದಯಕ್ಕೂ ಟಾರಿನ್ ಎಂಬ ಅಂಶ ಬೇಕು, ಅದು ಮಾಂಸ, ಮೀನುಗಳಲ್ಲಿದೆ, ಅನ್ನ ಮತ್ತು ತರಕಾರಿಯಲ್ಲಿಲ್ಲ. ಬೆಕ್ಕಿನ ದೇಹ ಅದನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು. ಮಳೆಗಾಲದಲ್ಲಿ ಬೇಟೆ ಕಡಿಮೆಯಾದಾಗ ಆ ಪಾಲು ತಪ್ಪುತ್ತದೆ, ಅದೇ ಹೊತ್ತಿಗೆ ಮೈ ಬೆಚ್ಚಗಿಡಲು ಹೆಚ್ಚು ಆಹಾರ ಬೇಕಾಗುತ್ತದೆ. ಮನೆಯಲ್ಲಿ ಮಾಂಸ ಬೇಯಿಸದವರು ಅಂಗಡಿಯ ಬೆಕ್ಕಿನ ಒಣ ಆಹಾರವನ್ನು ಈ ನಾಲ್ಕು ತಿಂಗಳಾದರೂ ಕೊಡಲಿ ಎಂಬುದು ನನ್ನ ಆಗ್ರಹ. ನಾಲ್ಕು ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ 50ರಿಂದ 60 ಗ್ರಾಂ ಸಾಕು. ನಾಯಿಯ ಆಹಾರ ಇದಕ್ಕೆ ಬದಲಿಯಾಗದು. ಚಿಕ್ಕ ಪೊಟ್ಟಣ ತಂದು ಬಿಗಿಮುಚ್ಚಳದ ಡಬ್ಬಿಯಲ್ಲಿಡಿ, ಬೂಷ್ಟು ವಾಸನೆ ಬಂದರೆ ಎಸೆಯಿರಿ.

ಹಾಲಿನ ಬಗ್ಗೆ ಒಂದು ಮಾತು. ಮರಿತನ ದಾಟಿದ ಮೇಲೆ ಹೆಚ್ಚಿನ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಮೊಸರು ಸ್ವಲ್ಪ ಮೇಲು. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಯಾವ ಪದಾರ್ಥವೂ ಬೇಡ, ಅವು ಅದರ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ.

ಕಾರವಾರದ ಬೆಕ್ಕಿನ ಕಥೆ ಬೇರೆ. ಅದು ಮೀನುಪೇಟೆಯ, ಬಂದರಿನ ಕೃಪೆಯಲ್ಲಿ ಬದುಕಿದ್ದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧ. ಬಂಗಡೆ, ತಾರ್ಲೆಯ ರಾಶಿ ಇಲ್ಲ, ಕೊಯ್ದು ಎಸೆಯುವ ತಲೆ, ಕರುಳು ಇಲ್ಲ. ನಾಡದೋಣಿಯ ಮೀನು, ಹೊಳೆಮೀನು, ಅಳಿವೆಯ ಬಳಚು ಬಂದರೂ ದರ ಏರಿರುತ್ತದೆ, ಬೆಕ್ಕಿನ ಪಾಲಿಗೆ ಉಳಿಯುವುದು ಕಡಿಮೆ. ಬಂದರಿನ ಬೀದಿಬೆಕ್ಕುಗಳು ಈ ಎರಡು ತಿಂಗಳು ನಿಜವಾಗಿ ಹಸಿಯುತ್ತವೆ, ಮನೆಬಾಗಿಲಿಗೆ ಬಂದವಕ್ಕೆ ಒಂದು ತುತ್ತು ಹಾಕಿ. ಒಣಮೀನು ಕೊಡುವುದಾದರೆ ಅದರ ಉಪ್ಪು ತೆಗೆಯಲೇಬೇಕು: ಒಂದು ರಾತ್ರಿ ನೆನೆಹಾಕಿ, ನೀರು ಎರಡು ಸಲ ಬದಲಿಸಿ, ಬೇಯಿಸಿ, ಮುಳ್ಳು ಬಿಡಿಸಿ ಅನ್ನಕ್ಕೆ ಕಲಸಿ. ಹಸಿಮೀನನ್ನೂ ಬೇಯಿಸಿಯೇ ಹಾಕಿ. ಕೆಲವು ಹಸಿಮೀನುಗಳಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವವಿದೆ, ಬೇಯಿಸಿದರೆ ಅದು ಹೋಗುತ್ತದೆ.

ಸುತ್ತಲೂ ನೀರಿದ್ದರೂ ಬೆಕ್ಕು ಮಳೆಗಾಲದಲ್ಲಿ ಕಡಿಮೆ ಕುಡಿಯುತ್ತದೆ. ಊಟದ್ದೂ ಸೇರಿ ಕಿಲೋಗೆ 50 ಮಿಲಿಲೀಟರ್‌ನಷ್ಟು ನೀರು ದಿನಕ್ಕೆ ಬೇಕು. ಊಟಕ್ಕೆ ಸ್ವಲ್ಪ ಬಿಸಿನೀರು ಬೆರೆಸಿ ಕೊಡುವುದು ಸುಲಭದ ದಾರಿ, ವಾಸನೆ ಎದ್ದು ಬೆಕ್ಕು ಚೆನ್ನಾಗಿ ತಿನ್ನುತ್ತದೆ.

ಮನೆಯ ವಿಷಗಳು

ಅಡಕೆ ತೋಟವಿದ್ದವರ ಮನೆಯಲ್ಲಿ ಮಳೆಗಾಲದ ಮೊದಲ ವಿಷ ಬೋರ್ಡೋ ದ್ರಾವಣ. ಕೊಳೆರೋಗಕ್ಕೆಂದು 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕಲಸುವುದು ಹೆಚ್ಚಾಗಿ ಅಂಗಳದಲ್ಲೇ. ಬೆಕ್ಕು ಡ್ರಮ್ಮಿನ ಅಂಚಿಗೆ ಹತ್ತುತ್ತದೆ, ಚೆಲ್ಲಿದ್ದನ್ನು ತುಳಿಯುತ್ತದೆ, ಆಮೇಲೆ ಪಾದ ನೆಕ್ಕುತ್ತದೆ. ಔಷಧಿ ಹೊಡೆಯುವ ದಿನ, ಮರುದಿನ ಬೆಕ್ಕನ್ನು ಒಳಗೇ ಇಡಿ. ಡ್ರಮ್ಮಿಗೆ ಮುಚ್ಚಳ ಹಾಕಿ, ಕಲಸಿದ ಜಾಗ ತೊಳೆಯಿರಿ. ಪಾದ ನೀಲಿಯಾಗಿ ಬಂದರೆ ಸಾಬೂನು ಹಾಕಿ ತೊಳೆದ ಮೇಲೆಯೇ ಬಿಡಿ.

ಇಲಿ ಪಾಷಾಣ ಇಟ್ಟ ಮನೆಯಲ್ಲಿ ಬೆಕ್ಕು ಸಾಕಬಾರದು, ಬೆಕ್ಕು ಸಾಕಿದ ಮನೆಯಲ್ಲಿ ಪಾಷಾಣ ಇಡಬಾರದು. ವಿಷ ತಿಂದು ತೂರಾಡುವ ಇಲಿ ಬೆಕ್ಕಿಗೆ ಸುಲಭದ ಬೇಟೆ. ಮಳೆಗಾಲದಲ್ಲಿ ಬಟ್ಟೆಪೆಟ್ಟಿಗೆಗೆ ಹಾಕುವ ನುಸಿಗುಳಿಗೆ, ನೆಗಡಿಗೆ ಹಚ್ಚುವ ನೀಲಗಿರಿ ಎಣ್ಣೆ, ಕರ್ಪೂರ ಎಲ್ಲವೂ ಬೆಕ್ಕಿಗೆ ವಿಷವೇ. ಇವೆಲ್ಲಕ್ಕಿಂತ ಹೆಚ್ಚು ಹೆದರಬೇಕಾದ್ದು ಪ್ಯಾರಸಿಟಮಾಲ್‌ಗೆ. ಬೆಕ್ಕಿಗೆ ಜ್ವರ ಬಂತೆಂದು ಮಕ್ಕಳ ಮಾತ್ರೆಯ ಅರ್ಧ ಕೊಡುವವರಿದ್ದಾರೆ. ಆ ಅರ್ಧ ಮಾತ್ರೆಯೇ ಅದನ್ನು ಕೊಲ್ಲಬಲ್ಲದು.

ಉಂಬಳ ಮತ್ತು ಚರ್ಮ

ಉಂಬಳ (ಜಿಗಣೆ) ಕಚ್ಚಿದರೆ ಸುಣ್ಣ, ಹೊಗೆಸೊಪ್ಪು ಹಚ್ಚುವುದು ನಮ್ಮ ಅಭ್ಯಾಸ. ಬೆಕ್ಕು ಅದನ್ನು ನೆಕ್ಕುತ್ತದೆ, ಹೊಗೆಸೊಪ್ಪಿನ ನಿಕೋಟಿನ್ ವಿಷ. ಉಗುರಿನ ಅಂಚನ್ನು ಉಂಬಳದ ತೆಳು ತುದಿಯ ಅಡಿಗೆ ಸರಿಸಿ ಬಿಡಿಸಿ, ಆಮೇಲೆ ದಪ್ಪ ತುದಿ. ರಕ್ತ ಸ್ವಲ್ಪ ಹೊತ್ತು ಸುರಿಯುತ್ತಲೇ ಇರುತ್ತದೆ, ಬಟ್ಟೆ ಒತ್ತಿ ಹಿಡಿಯಿರಿ. ಒಂದೇ ಮೂಗಿನ ಹೊಳ್ಳೆಯಿಂದ ರಕ್ತ, ಬಿಡದ ಸೀನು ಇದ್ದರೆ ಉಂಬಳ ಒಳಗೆ ಸೇರಿರಬಹುದು, ಅದನ್ನು ವೈದ್ಯರೇ ತೆಗೆಯಬೇಕು.

ಕಿವಿ, ಮೂತಿ, ಮುಂಗಾಲಿನಲ್ಲಿ ದುಂಡಗೆ ಕೂದಲು ಉದುರಿ ಹೊಟ್ಟು ಎದ್ದರೆ ಅದು ಹುಳುಕಡ್ಡಿ. ಮಕ್ಕಳಿಗೆ ಬೇಗ ಅಂಟುತ್ತದೆ. ಹಾಸುಬಟ್ಟೆ ಕುದಿಸಿ ಒಗೆಯಿರಿ, ಬೆಕ್ಕಿಗೂ ಮನುಷ್ಯರಿಗೂ ಒಟ್ಟಿಗೇ ಚಿಕಿತ್ಸೆ ಮಾಡಿಸಿ.

ಮಳೆಯಲ್ಲಿ ಹುಟ್ಟಿದ ಮರಿಗಳು

ಬೆಕ್ಕಿನ ಗರ್ಭ ಸುಮಾರು 63ರಿಂದ 65 ದಿನ. ಏಪ್ರಿಲಿನಲ್ಲಿ ಕೂಡಿದ್ದು ಜೂನಿನಲ್ಲಿ ಈಯುತ್ತದೆ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎನ್ನುತ್ತಾರೆ. ಒದ್ದೆ, ಗದ್ದಲ, ಗಂಡುಬೆಕ್ಕಿನ ಭಯ ಇದ್ದರೆ ಸುತ್ತಿಸುವುದು ನಿಜವೇ. ಎರಡು ಕಡೆ ಒಣ ಕತ್ತಲೆ ಗೂಡು ಮಾಡಿಟ್ಟು ಆಯ್ಕೆಯನ್ನು ಅದಕ್ಕೇ ಬಿಡಿ.

ಮೊದಲ ಮೂರು ವಾರ ಮರಿಗಳು ತಮ್ಮ ಮೈಯನ್ನು ತಾವೇ ಬೆಚ್ಚಗೆ ಇಟ್ಟುಕೊಳ್ಳಲಾರವು. ಮಳೆಯಲ್ಲಿ ತಾಯಿಯಿಂದ ಬೇರಾದ ಮರಿ ಸಿಕ್ಕಿದರೆ ನೆನಪಿಡಬೇಕಾದ ಕ್ರಮ: ಮೊದಲು ಬಿಸಿ, ಆಮೇಲೆ ಹಾಲು. ಮೈ ತಣ್ಣಗಿದ್ದಾಗ ಕರುಳು ಕೆಲಸ ಮಾಡುವುದಿಲ್ಲ, ಆಗ ಕುಡಿಸಿದ್ದು ಶ್ವಾಸಕೋಶಕ್ಕೆ ಹೋಗಬಹುದು. ನಿಮ್ಮ ಎದೆಗೆ ಒತ್ತಿ, ಬಟ್ಟೆ ಸುತ್ತಿದ ಬಿಸಿನೀರ ಬಾಟಲಿಯ ಪಕ್ಕದಲ್ಲಿಟ್ಟು ನಿಧಾನಕ್ಕೆ ಬೆಚ್ಚಗೆ ಮಾಡಿ. ಮೈ ಬಿಸಿಯಾಗಿ ಬಾಯಿ ಆಡಿಸತೊಡಗಿದ ಮೇಲೆ ಬೆಕ್ಕಿನ ಮರಿಗೆಂದೇ ಸಿಗುವ ಹಾಲಿನ ಪುಡಿ ಕಲಸಿ, ಹೊಟ್ಟೆ ಕೆಳಗಾಗಿ ಮಲಗಿಸಿ, ಎರಡು ಮೂರು ತಾಸಿಗೊಮ್ಮೆ ಹನಿಹನಿಯಾಗಿ ಕುಡಿಸಿ. ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಬಾರದು. ಪ್ರತಿಸಲ ಕುಡಿಸಿದ ಮೇಲೆ ಬೆಚ್ಚನೆ ಒದ್ದೆ ಹತ್ತಿಯಿಂದ ಬಾಲದ ಬುಡ ಸವರಿ. ತಾಯಿ ನೆಕ್ಕದೆ ಅವು ಮೂತ್ರ ಹೊಯ್ಯುವುದಿಲ್ಲ.

ವೈದ್ಯರ ಬಳಿಗೆ ಯಾವಾಗ

ಮಳೆಗಾಲದಲ್ಲಿ ಎಲ್ಲ ಬೆಕ್ಕುಗಳೂ ಒಂದೇ ಮೂಲೆ ಸೇರುವುದರಿಂದ ಬೆಕ್ಕಿನ ನೆಗಡಿ ಬೇಗ ಹರಡುತ್ತದೆ. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ತಿಳಿಯುವುದಿಲ್ಲ, ವಾಸನೆಯಿಲ್ಲದೆ ಅದು ತಿನ್ನುವುದಿಲ್ಲ. ಒಂದು ದಿನ ತಿನ್ನದಿದ್ದರೆ ವಿಚಾರಿಸಿ, ಎರಡು ದಿನವಾದರೆ ಒಯ್ಯಲೇಬೇಕು, ಯಕೃತ್ತಿಗೆ ಕೊಬ್ಬು ಸೇರಿ ಜೀವಕ್ಕೆ ಕುತ್ತಾಗುತ್ತದೆ. ಬಾಯಿ ತೆರೆದು ಉಸಿರಾಡಿದರೆ, ಒಸಡು ಬಿಳಿಚಿಕೊಂಡರೆ ಕಾಯಬೇಡಿ. ನೆಗಡಿ ಮತ್ತು ವಾಂತಿಭೇದಿಯ ವೈರಸ್ಸುಗಳಿಗೆ ಒಂದೇ ಲಸಿಕೆ ಇದೆ, ಆರರಿಂದ ಎಂಟು ವಾರದ ಮರಿಯಿಂದ ಶುರು. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಮೇ ತಿಂಗಳಲ್ಲೇ ಹಾಕಿಸಿಬಿಡಿ, ಘಟ್ಟದ ರಸ್ತೆ ಯಾವಾಗ ಕುಸಿದು ಮುಚ್ಚುತ್ತದೆ ಹೇಳಲಾಗದು. ಬೆಕ್ಕು ಕಚ್ಚಿದರೆ, ರಕ್ತ ಬರುವಂತೆ ಪರಚಿದರೆ 15 ನಿಮಿಷ ಸಾಬೂನು ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಗಂಗಾವಳಿ, ಅಘನಾಶಿನಿ, ಕಾಳಿ ದಂಡೆಯವರು ಮುಚ್ಚಳವಿರುವ ಬಿದಿರ ಬುಟ್ಟಿಯೊಂದನ್ನು ಜೂನಿನಿಂದಲೇ ಮನೆಯೊಳಗೆ ತೆರೆದಿಡಿ, ಬೆಕ್ಕು ಅದರಲ್ಲಿ ಮಲಗಿ ರೂಢಿಯಾಗಲಿ. ನೆರೆ ಬಂದ ದಿನ ಹೊಸ ಬುಟ್ಟಿಗೆ ತುಂಬಲು ಹೋದರೆ ಅದು ಅಟ್ಟ ಹತ್ತಿ ಕೈಗೆ ಸಿಗುವುದಿಲ್ಲ. ಕಾಳಜಿ ಕೇಂದ್ರಕ್ಕೆ ಹೊರಡುವಾಗ ಸಿಗದೇ ಹೋದರೆ ಮೆತ್ತಿನ ಬಾಗಿಲು, ಬೆಳಕಿಂಡಿ ತೆರೆದಿಟ್ಟು, ಎತ್ತರದ ಜಾಗದಲ್ಲಿ ಒಣ ಆಹಾರ ಮತ್ತು ನೀರು ಇಟ್ಟು ಹೋಗಿ. ಕಟ್ಟಿಹಾಕಿ ಮಾತ್ರ ಹೋಗಬೇಡಿ.

ಮಳೆ ಹಿಂದೆ ಸರಿದ ಮೇಲೆ

ಹಸ್ತ ಮಳೆಯ ಹೊತ್ತಿಗೆ ಬಿಸಿಲು ಮೂಡಿದಾಗ ಮರಳಿನ ತಟ್ಟೆಯನ್ನು ಒಮ್ಮೆಲೇ ತೆಗೆಯಬೇಡಿ. ದಿನಕ್ಕೆ ಎರಡು ಮೊಳದಂತೆ ಹಿತ್ತಲ ಬಾಗಿಲ ಕಡೆ ಸರಿಸುತ್ತಾ, ಕೊನೆಗೆ ಹೊರಗಿನ ಸಡಿಲ ಮಣ್ಣಿನ ಪಕ್ಕಕ್ಕೆ ಒಯ್ಯಿರಿ. ಹಾಸನ್ನೆಲ್ಲ ಎರಡು ದಿನ ಬಿಸಿಲಿಗೆ ಹಾಕಿ. ಮುಂದೆ ನವೆಂಬರಿನಿಂದ ಉಣುಗಿನ (ಉಣ್ಣೆಹುಳದ) ಕಾಲ. ಕಾಡಿನಂಚಿನ ಮನೆಯವರು ಸಂಜೆ ಒಳಗೆ ಬಂದ ಬೆಕ್ಕಿನ ಕಿವಿಸಂದಿ, ಕುತ್ತಿಗೆ, ಕಂಕುಳನ್ನು ಬೆರಳಾಡಿಸಿ ನೋಡಿ, ಸಿಕ್ಕಿದ್ದನ್ನು ಬರಿಗೈಯಲ್ಲಿ ಹಿಸುಕದೆ ಚಿಮಟಿಯಿಂದ ಬುಡದಲ್ಲಿ ಹಿಡಿದು ತೆಗೆಯಿರಿ. ನಾಯಿಗೆ ತಂದ ಉಣುಗಿನ ಔಷಧಿಯನ್ನು ಬೆಕ್ಕಿಗೆ ಹಚ್ಚಬೇಡಿ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕು ಸೆಳವು ಬಂದು ಸಾಯಬಹುದು. ಬೆಕ್ಕಿಗೆಂದೇ ಬರುವುದನ್ನು ತೂಕ ಹೇಳಿ ವೈದ್ಯರಿಂದ ಬರೆಸಿಕೊಳ್ಳಿ.